ಲೇಸರ್ ಹೊಡೆಸಿದರೆ ಮೊಡವೆ ಹೋಗುತ್ತದೆಯೇ?

ಮಾಗೋಡು ಜಲಪಾತದ ಆಸುಪಾಸಿನ ಊರುಗಳಲ್ಲಿ ಮದುವೆ ವಯಸ್ಸಿನ ಹುಡುಗಿಯ ಮುಖದಲ್ಲಿ ಮೊಡವೆ ಕಂಡರೆ ಸಲಹೆಗೆ ಬರವಿಲ್ಲ. ಮೊದಲು ಅರಿಸಿನ, ಕಡಲೆಹಿಟ್ಟು ಎನ್ನುತ್ತಿದ್ದವರೇ ಈಗ, "ಹುಬ್ಬಳ್ಳಿಗೆ ಹೋಗಿ ಒಂದ್ಸಲ ಲೇಸರ್ ಹೊಡ್ಸಿದ್ರೆ ಆತು" ಅನ್ನುತ್ತಾರೆ.

ಅಷ್ಟಕ್ಕೇ ಆಗುವುದಿಲ್ಲ. ಹರೆಯದ ಹಾರ್ಮೋನುಗಳಿಂದ ಚರ್ಮದ ಜಿಡ್ಡಿನ ಗ್ರಂಥಿಗಳು ಚುರುಕಾಗುತ್ತವೆ, ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊತ ಬರುತ್ತದೆ. ಅದೇ ಮೊಡವೆ. ಮುಖ ತೊಳೆಯದ ಕೊಳೆಯಿಂದ ಬರುವುದಲ್ಲ. ಸೋಪು ಹಾಕಿ ಉಜ್ಜಿದಷ್ಟೂ ಚರ್ಮ ಕೆರಳುತ್ತದೆ. ಚಿಕಿತ್ಸಾಲಯಗಳಲ್ಲಿ ಹೆಚ್ಚಾಗಿ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರ್ ಇರುವುದು ಮೊಡವೆ ಮಾಯ್ದ ಮೇಲೆ ಉಳಿಯುವ ಗುಳಿಗಳಿಗೆ. ಅದು ಚರ್ಮದಲ್ಲಿ ಸಣ್ಣ ಸಣ್ಣ ಗಾಯ ಮಾಡುತ್ತದೆ, ಅವು ಮಾಯುವಾಗ ಹೊಸ ಕೊಲಾಜೆನ್ ಹುಟ್ಟಿ ಗುಳಿ ತುಂಬುತ್ತದೆ. ಕೀವು ತುಂಬಿದ ಮೊಡವೆಯ ಮೇಲೆ ಅದನ್ನು ಹಾಯಿಸುವಂತಿಲ್ಲ. ಜಿಡ್ಡಿನ ಗ್ರಂಥಿಯನ್ನೇ ಗುರಿಯಾಗಿಸುವ 1726 ನ್ಯಾನೊಮೀಟರ್ ಲೇಸರ್‌ಗೆ ಅಮೆರಿಕದ ಔಷಧ ನಿಯಂತ್ರಕರು 2022ರಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ, ನಿಜ. ಆದರೆ ಅದು ಬೇರೆಯೇ ಯಂತ್ರ. ಹಾಗಾಗಿ ಯಾರಾದರೂ ಲೇಸರ್ ಎಂದರೆ, ಯಾವ ಲೇಸರ್, ಮೊಡವೆಗೋ ಕಲೆಗೋ ಎಂದು ಕೇಳಿಯೇ ಮುಂದುವರಿಯಿರಿ.

ಒಂದೇ ಸಲಕ್ಕೆ ಮುಗಿಯುತ್ತದೆ ಎಂಬುದೂ ಸುಳ್ಳು. ಗುಳಿಗಳಿಗೆ ತಿಂಗಳಿಗಿಂತ ಹೆಚ್ಚು ಅಂತರ ಬಿಟ್ಟು ಹಲವು ಸಲ ಮಾಡಬೇಕಾಗುತ್ತದೆ. ಗುಳಿ ತಗ್ಗುತ್ತದೆ, ಪೂರ್ತಿ ಅಳಿಯುವುದಿಲ್ಲ.

ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅದು ಎಕ್ಸ್-ರೇ ಅಲ್ಲ, ಬೆಳಕು. ನಮ್ಮ ಗೋಧಿ, ಕಪ್ಪು ಬಣ್ಣದ ಚರ್ಮಕ್ಕಿರುವ ಅಪಾಯ ಬೇರೆ: ಶಾಖಕ್ಕೆ ಕೆರಳಿ ಕಪ್ಪು ಕಲೆ ಕಟ್ಟಬಹುದು, ತಿಂಗಳುಗಟ್ಟಲೆ ಉಳಿಯಬಹುದು. ಬಿಸಿಲು ಅದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಅಡಿಕೆ ಕೊಯ್ಲು ಸಾಗಿರುವಾಗ, ದಿನವಿಡೀ ಅಂಗಳದಲ್ಲಿ ಅಡಿಕೆ ಹರವುವವರು ಆ ದಿನಗಳಲ್ಲಿ ಲೇಸರ್ ಮಾಡಿಸಿಕೊಳ್ಳದಿರುವುದೇ ಲೇಸು. ಮಳೆಗಾಲದಲ್ಲಿ ಮಾಡಿಸಿದರೂ ಸನ್‌ಸ್ಕ್ರೀನ್ ಬಿಡಬಾರದು, ಮೋಡದ ನಡುವೆಯೂ ನೇರಳಾತೀತ ಕಿರಣ ಇಳಿಯುತ್ತದೆ.

ನನ್ನ ತಕರಾರು ಲೇಸರ್‌ಗಿಂತ ಔಷಧ ಅಂಗಡಿಯ ಟ್ಯೂಬಿನ ಮೇಲೆ ಹೆಚ್ಚು. ಚೀಟಿಯಿಲ್ಲದೆ ಕೇಳಿದವರಿಗೆಲ್ಲ ಸಿಗುವ ಬೆಳ್ಳಗಾಗಿಸುವ ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ವಾರದಲ್ಲೇ ಮುಖ ಹೊಳೆಯುತ್ತದೆ. ಬಿಟ್ಟೊಡನೆ ಕೆಂಪಾಗಿ ಉರಿಯುತ್ತದೆ, ಮೊಡವೆ ಇಮ್ಮಡಿಸುತ್ತದೆ, ಹಚ್ಚುತ್ತಲೇ ಇದ್ದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಕೂದಲು ಬೆಳೆಯುವುದೂ ಉಂಟು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಎಚ್ ಶೆಡ್ಯೂಲಿಗೆ ಸೇರಿಸಿತು. ಮಾರಾಟ ನಿಂತಿಲ್ಲ. ಹೀಗೆ ಹಾಳಾದ ಮುಖಕ್ಕೆ ಲೇಸರ್ ಪರಿಹಾರವಲ್ಲ.

ಮೊಡವೆಗೆ ಮೊದಲ ಮದ್ದು ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್‌ನಂಥ ಮುಲಾಮು. ಮೊದಲ ವಾರಗಳಲ್ಲಿ ಚರ್ಮ ಸುಲಿಯಬಹುದು, ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ತೀವ್ರವಾದರೆ ಐಸೊಟ್ರೆಟಿನಾಯಿನ್ ಮಾತ್ರೆ; ಆದರೆ ಗರ್ಭಿಣಿಯರು ಅದನ್ನು ಮುಟ್ಟಲೇಬಾರದು, ಗರ್ಭ ಧರಿಸಬಹುದಾದವರು ವೈದ್ಯರ ನಿಗಾ ಇಲ್ಲದೆ ನುಂಗಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ಅಂಗವೈಕಲ್ಯ ತರಬಲ್ಲದು. ಈ ಮಾತ್ರೆ ನುಂಗುತ್ತಿದ್ದರೆ ಲೇಸರ್ ಮಾಡುವವರಿಂದ ಮುಚ್ಚಿಡಬೇಡಿ.

ಹುಬ್ಬಳ್ಳಿ, ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಮೊದಲು ಅಲ್ಲಿ ತೋರಿಸಿ, ಮೂರು ತಿಂಗಳು ಹೇಳಿದಂತೆ ಮದ್ದು ಮಾಡಿ. ಅಲ್ಲಿಯವರೆಗೆ ಯಾವ ಲೇಸರ್ ಪ್ಯಾಕೇಜಿಗೂ ಮುಂಗಡ ಕೊಡಬೇಡಿ.