ಎಚ್‌ಐವಿ ಪ್ರೋಟಿಯೇಸ್ ಪ್ರತಿಬಂಧಕಗಳು

ಎಚ್‌ಐವಿ ಪ್ರೋಟಿಯೇಸ್ ಪ್ರತಿಬಂಧಕಗಳು ಏಡ್ಸ್ ರೋಗಕ್ಕೆ ಕಾರಣವಾದ ಎಚ್‌ಐವಿ ವೈರಾಣುವಿನ ಪ್ರೋಟಿಯೇಸ್ ಎಂಬ ಕಿಣ್ವವನ್ನು ತಡೆಯುವ ಸಣ್ಣ ಅಣುಗಳು. ಕಿಣ್ವದ ರಚನೆಯನ್ನು ಅರಿತು ಅದಕ್ಕೆ ಹೊಂದುವಂತೆ ಔಷಧವನ್ನು ರೂಪಿಸುವ ವಿಧಾನಕ್ಕೆ ಇವು ಪ್ರಮುಖ ನಿದರ್ಶನಗಳಾಗಿವೆ.

ಕಿಣ್ವದ ಕಾರ್ಯ

ಎಚ್‌ಐವಿಯ ಹಲವು ಪ್ರೋಟೀನುಗಳು ಸೋಂಕಿತ ಜೀವಕೋಶದಲ್ಲಿ ಬಿಡಿಬಿಡಿಯಾಗಿ ತಯಾರಾಗದೆ, ಒಂದೇ ಉದ್ದನೆಯ ಸರಪಳಿಯಾಗಿ ತಯಾರಾಗುತ್ತವೆ. ಪ್ರೋಟಿಯೇಸ್ ಈ ಸರಪಳಿಯನ್ನು ನಿಗದಿತ ಸ್ಥಾನಗಳಲ್ಲಿ ಕತ್ತರಿಸುತ್ತದೆ. ಹೀಗೆ ಕತ್ತರಿಸದಿದ್ದರೆ ಹೊಸ ವೈರಾಣುಗಳು ಅಪಕ್ವವಾಗಿ ಉಳಿದು, ಬೇರೆ ಜೀವಕೋಶಗಳಿಗೆ ಸೋಂಕು ತಗುಲಿಸಲಾರವು.

ರಚನೆ

1989ರಲ್ಲಿ ಕ್ಷ-ಕಿರಣ ಅಧ್ಯಯನದಿಂದ ಈ ಕಿಣ್ವದ ಮೂರು ಆಯಾಮಗಳ ರಚನೆ ತಿಳಿದುಬಂದಿತು. ತಲಾ 99 ಅಮೈನೊ ಆಮ್ಲಗಳುಳ್ಳ ಎರಡು ಸಮಾನ ಭಾಗಗಳು ಇದರಲ್ಲಿ ಕೂಡಿಕೊಂಡಿವೆ. ಅವುಗಳ ನಡುವಿನ ಕುಳಿಯಲ್ಲಿ, ಪ್ರತಿ ಭಾಗದಿಂದ ಒಂದರಂತೆ, ಎರಡು ಆಸ್ಪಾರ್ಟಿಕ್ ಆಮ್ಲದ ಘಟಕಗಳಿವೆ. ಇವು ನೀರಿನ ಅಣುವೊಂದರ ನೆರವಿನಿಂದ ಸರಪಳಿಯ ಬಂಧವನ್ನು ಮುರಿಯುತ್ತವೆ.

ಔಷಧದ ವಿನ್ಯಾಸ

ಬಂಧವು ಮುರಿಯುವಾಗ ಸರಪಳಿಯು ಕ್ಷಣಮಾತ್ರ ಒಂದು ಮಧ್ಯಂತರ ರೂಪವನ್ನು ತಾಳುತ್ತದೆ. ಕಿಣ್ವವು ಅತ್ಯಂತ ಬಿಗಿಯಾಗಿ ಹಿಡಿಯುವುದು ಈ ರೂಪವನ್ನೇ. ವಿಜ್ಞಾನಿಗಳು ಅದನ್ನು ಹೋಲುವ ಅಣುಗಳನ್ನು ರಚಿಸಿ, ಮುರಿಯಬೇಕಾದ ಬಂಧದ ಜಾಗದಲ್ಲಿ ಕಿಣ್ವಕ್ಕೆ ಮುರಿಯಲಾಗದ ಬಂಧವನ್ನು ಇರಿಸಿದರು. ಕಿಣ್ವವು ಅಂತಹ ಅಣುವನ್ನು ಸಹಜ ಸರಪಳಿಯೆಂಬಂತೆ ಹಿಡಿಯುತ್ತದೆ. ಆದರೆ ಕತ್ತರಿಸಲಾರದೆ ನಿಷ್ಕ್ರಿಯವಾಗುತ್ತದೆ.

ಎಚ್‌ಐವಿ ಪ್ರೋಟಿಯೇಸ್ ಕೆಲವು ಸ್ಥಾನಗಳಲ್ಲಿ ಪ್ರೋಲೀನ್ ಎಂಬ ಅಮೈನೊ ಆಮ್ಲದ ಹಿಂದಿನ ಬಂಧವನ್ನು ಕತ್ತರಿಸುತ್ತದೆ. ಮಾನವನ ಕಿಣ್ವಗಳು ಅಂತಹ ಬಂಧವನ್ನು ಕತ್ತರಿಸುವುದು ವಿರಳ. ಆದುದರಿಂದ ಮಾನವನ ಕಿಣ್ವಗಳನ್ನು ಬಾಧಿಸದೆ ವೈರಾಣುವಿನ ಕಿಣ್ವವನ್ನು ಮಾತ್ರ ತಡೆಯುವ ಅಣುವನ್ನು ಹುಡುಕಲು ಈ ವ್ಯತ್ಯಾಸವು ನೆರವಾಯಿತು. ರೋಶ್ ಸಂಸ್ಥೆಯ ಸಾಕ್ವಿನಾವಿರ್ 1995ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ವರ್ಗದ ಮೊದಲ ಔಷಧ. 1996ರಲ್ಲಿ ರಿಟೋನಾವಿರ್ ಮತ್ತು ಇಂಡಿನಾವಿರ್ ಬಂದವು.

ಪರಿಣಾಮ

ಈ ಔಷಧಗಳನ್ನು ಇತರ ಎಚ್‌ಐವಿ ಔಷಧಗಳೊಡನೆ ನೀಡತೊಡಗಿದ ಮೇಲೆ, ಚಿಕಿತ್ಸೆ ಲಭ್ಯವಿದ್ದ ದೇಶಗಳಲ್ಲಿ ಏಡ್ಸ್ ಸಾವುಗಳು ತೀವ್ರವಾಗಿ ಇಳಿದವು. ರಿಟೋನಾವಿರ್ ಯಕೃತ್ತಿನ ಒಂದು ಕಿಣ್ವವನ್ನು ತಡೆದು ಇತರ ಔಷಧಗಳು ದೇಹದಲ್ಲಿ ಹೆಚ್ಚು ಕಾಲ ಉಳಿಯುವಂತೆ ಮಾಡುತ್ತದೆ. ಈ ಕಾರಣದಿಂದ ಅದನ್ನು ಅಲ್ಪ ಪ್ರಮಾಣದಲ್ಲಿ ಸಹಾಯಕ ಔಷಧವಾಗಿ ಬಳಸಲಾಗುತ್ತದೆ. ಕೋವಿಡ್ ವೈರಾಣುವಿನ ಪ್ರೋಟಿಯೇಸನ್ನು ತಡೆಯುವ ನಿರ್ಮಾಟ್ರೆಲ್ವಿರ್ ಔಷಧದೊಡನೆಯೂ ಇದನ್ನೇ ನೀಡುತ್ತಾರೆ.

ಮಿತಿಗಳು

ಎಚ್‌ಐವಿ ತನ್ನ ಪ್ರತಿಗಳನ್ನು ಮಾಡುವಾಗ ಪದೇ ಪದೇ ತಪ್ಪುಗಳಾಗುತ್ತವೆ. ಇದರಿಂದ ಕಿಣ್ವದ ಕುಳಿಯ ಆಕಾರ ಬದಲಾದರೆ ಔಷಧದ ಹಿಡಿತ ಸಡಿಲವಾಗುತ್ತದೆ. ಈ ನಿರೋಧಕತೆಯನ್ನು ತಡೆಯಲು ಹಲವು ಔಷಧಗಳನ್ನು ಒಟ್ಟಿಗೆ, ತಪ್ಪದೆ ಸೇವಿಸಬೇಕಾಗುತ್ತದೆ. ಜೀವಕೋಶಗಳ ಡಿಎನ್‌ಎಯಲ್ಲಿ ಸೇರಿಹೋದ ವೈರಾಣುವಿನ ವಂಶವಾಹಿಗಳನ್ನು ಈ ಔಷಧಗಳು ತೆಗೆದುಹಾಕಲಾರವು. ಆದ್ದರಿಂದ ಚಿಕಿತ್ಸೆಯನ್ನು ಜೀವನಪರ್ಯಂತ ಮುಂದುವರಿಸಬೇಕಾಗುತ್ತದೆ.