ಹೆಂಚಿನ ಸಂದಿಯ ಬಿಸಿಲು, ಚಿನ್ನದ ಕಣ

ಎನ್. ಬೇಗೂರಿನ ಗೆಳೆಯನ ಮನೆಗೆ ಹೋದಾಗ ಅವನ ಅಜ್ಜಿ ಹೊಗೆಸೊಪ್ಪು ಅಗಿಯುತ್ತಲೇ ನಮ್ಮನ್ನ ಮಾತಾಡಿಸಿದ್ರು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆಯಂತೆ. "ಏನೂ ಆಗಕಿಲ್ಲ ಬುಡ್ರಪ್ಪ" ಅಂದ್ರು. ನಮಗೆ ಸೆಮಿನಾರ್‌ಗೆ ಓದಿದ್ದು ನೆನಪಾಯ್ತು.

2005ರಲ್ಲಿ ಅಮೆರಿಕದ ಐವನ್ ಎಲ್-ಸಯೀದ್ ಮತ್ತು ಸಂಗಡಿಗರು ಬಾಯಿ ಕ್ಯಾನ್ಸರ್ ಕೋಶಗಳನ್ನ ಚಿನ್ನದ ನ್ಯಾನೋಕಣಗಳಿಂದ ಗುರುತಿಸಿದರು. ಒಂದು ಕಣ ಸುಮಾರು 35 ನ್ಯಾನೋಮೀಟರ್. ನಮ್ಮ ಲ್ಯಾಬಿನಂಥ ಮೈಕ್ರೋಸ್ಕೋಪ್‌ಗೆ 200ಕ್ಕಿಂತ ಚಿಕ್ಕದರ ಆಕಾರ ತಿಳಿಯೋದೇ ಕಷ್ಟ. ಮತ್ತೆ ಕಂಡಿದ್ದು ಹೇಗೆ? ಅಜ್ಜಿ ಮನೆಯಲ್ಲಿ ಹೆಂಚಿನ ಸಂದಿಯಿಂದ ಬಿಸಿಲುಕೋಲು ಇಳಿದಾಗ ಕತ್ತಲಲ್ಲಿ ಧೂಳು ಮಿನುಗುತ್ತಲ್ಲ, ಹಾಗೆ. ಡಾರ್ಕ್‌ಫೀಲ್ಡ್ ಮೈಕ್ರೋಸ್ಕೋಪ್‌ನಲ್ಲಿ ಬೆಳಕು ಓರೆಯಾಗಿ ಬೀಳುತ್ತೆ, ವಸ್ತು ಚದುರಿಸಿದ ಬೆಳಕು ಮಾತ್ರ ಕಣ್ಣಿಗೆ ಬರುತ್ತೆ. ಹಸಿರು ಬೆಳಕಿಗೆ ಚಿನ್ನದ ಎಲೆಕ್ಟ್ರಾನ್‌ಗಳು ಒಟ್ಟಿಗೆ ಉಯ್ಯಾಲೆ ಆಡೋದ್ರಿಂದ ಈ ಕಣಗಳು ಅದನ್ನ ಜೋರಾಗಿ ಚದುರಿಸುತ್ತವೆ.

ಕಣಗಳಿಗೆ ಅವರು ಆಂಟಿಬಾಡಿ ಅಂಟಿಸಿದ್ರು. ಅದು ಹಿಡಿಯೋದು ಇಜಿಎಫ್‌ಆರ್ ಅನ್ನೋ ಪ್ರೋಟೀನನ್ನ. ಅನೇಕ ಬಾಯಿ ಕ್ಯಾನ್ಸರ್ ಕೋಶಗಳ ಮೈಮೇಲೆ ಅದು ಹೆಚ್ಚಿರುತ್ತೆ. ಹಾಗಾಗಿ ಕ್ಯಾನ್ಸರ್ ಕೋಶದ ಮೈಯೆಲ್ಲ ಹೊಳೆಯಿತು.

ಆದ್ರೆ ಅವು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳು. ಅಜ್ಜಿಯ ಮಚ್ಚೆಗೆ ಇವತ್ತಿಗೂ ಡಾಕ್ಟರೇ ಬಾಯಿ ನೋಡಬೇಕು, ಬೇಕಿದ್ರೆ ಚೂರು ತೆಗೆದು ಬಯಾಪ್ಸಿ ಮಾಡಬೇಕು. ಶನಿವಾರ ಮೈಸೂರಿಗೆ ಬರೋಕೆ ಅವರನ್ನ ಹೇಗೋ ಒಪ್ಪಿಸಿದ್ದೇವೆ.