ತರುಣರ ಕೈಗೆ ಕೋವಿ

ತಂದೆ ಬಳಸಿದ ಕೋವಿಯನ್ನು ಮಗನಿಗೆ ಒಪ್ಪಿಸಬೇಕೆಂಬ ಬಯಕೆ, ಅಜ್ಜನ ಕಾಲದ ಜೋಡುನಳಿಗೆಯು ಹಿರಿಯ ಮೊಮ್ಮಗನಿಗೇ ಸೇರತಕ್ಕದ್ದೆಂಬ ಮನೆಮಾತು, ಓದು ಮುಗಿಸಿ ತೋಟಕ್ಕೆ ಮರಳಿದ ಹುಡುಗನಿಗೆ ಹಂದಿಯ ಕಾಟವನ್ನು ತಡೆಯುವುದಕ್ಕಾದರೂ ಒಂದು ಕೋವಿಯನ್ನು ಕೊಡಿಸಬೇಕೆಂಬ ಸೋದರಮಾವನ ಸಂಕಲ್ಪ, ಇವು ಕೊಡಗಿನ ಐನ್‌ಮನೆಗಳಲ್ಲಿಯೂ ಮಲೆನಾಡಿನ ಅಡಕೆ, ಕಾಫಿ ತೋಟಗಳ ಮನೆಗಳಲ್ಲಿಯೂ ಇಂದಿಗೂ ಕೇಳಿಬರುವ ಮಾತುಗಳು. ಈ ಮಾತುಗಳ ಮೂಲದಲ್ಲಿರುವುದು ವಾತ್ಸಲ್ಯವೇ ಹೊರತು ಮತ್ತೇನೂ ಅಲ್ಲ. ಆದರೆ ಒಡವೆಯನ್ನೋ ವಾಹನವನ್ನೋ ಕೊಟ್ಟಷ್ಟು ಸುಲಭವಾಗಿ ಕೋವಿಯನ್ನು ಕೊಡಲು ನಮ್ಮ ದೇಶದ ಕಾನೂನು ಅವಕಾಶವೀಯುವುದಿಲ್ಲ. ಕೊಡುವವನ ಅಂತಃಕರಣ ಎಷ್ಟೇ ಶುದ್ಧವಾಗಿರಲಿ, ವಿಧಿಯನ್ನು ಮೀರಿ ಕೊಟ್ಟ ಕೋವಿಯು ಕೊಟ್ಟವನನ್ನೂ ಪಡೆದವನನ್ನೂ ಒಟ್ಟಿಗೆ ನ್ಯಾಯಾಲಯದ ಕಟಕಟೆಗೆ ಒಯ್ಯಬಲ್ಲದು. ಆದುದರಿಂದ ಈ ವಿಧಿಗಳೇನೆಂಬುದನ್ನು ಪ್ರತಿಯೊಂದು ಕೋವಿಯ ಮನೆಯೂ ತಿಳಿದಿರುವುದು ಅಗತ್ಯ.

ಭಾರತದಲ್ಲಿ ಆಯುಧಗಳನ್ನು ಕುರಿತ ಮೂಲಶಾಸನವು 1959ರ ಆಯುಧ ಅಧಿನಿಯಮ. ಅದರ ವ್ಯಾಖ್ಯಾನಗಳನ್ನೊಳಗೊಂಡ ಎರಡನೆಯ ಕಲಮಿನಲ್ಲಿಯೇ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಒಂದು ಅಂಶವು ಅಡಗಿದೆ. ಆಯುಧದ ವರ್ಗಾವಣೆಯೆಂದರೆ ಮಾರಾಟವೊಂದೇ ಅಲ್ಲದೆ ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ಸುಮ್ಮನೆ ಕೊಟ್ಟುಬಿಡುವುದು, ಸ್ವಾಧೀನವನ್ನು ಬಿಟ್ಟುಕೊಡುವುದು ಇವೆಲ್ಲವೂ ಸೇರುತ್ತವೆಂದು ಅಲ್ಲಿ ಹೇಳಿದೆ. ಹಣದ ಮಾತೇ ಇಲ್ಲದೆ, ಹುಟ್ಟುಹಬ್ಬದ ದಿನ, ತಂದೆ ಮಗನಿಗೆ ಕೊಟ್ಟ ಕೋವಿಯೂ ಕಾನೂನಿನ ದೃಷ್ಟಿಯಲ್ಲಿ ವರ್ಗಾವಣೆಯೇ. ಮೂರನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಯಾರೂ ಕೋವಿಯನ್ನಾಗಲಿ ತೋಟೆಯನ್ನಾಗಲಿ ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ತಂದೆಯ ಪರವಾನಗಿ ತಂದೆಗೆ ಮಾತ್ರ; ಒಂದೇ ಸೂರಿನಡಿಯಲ್ಲಿ ಬಾಳುವ ಮಗನಿಗೆ ಅದು ತಾನಾಗಿ ಹರಿದುಬರುವುದಿಲ್ಲ.

ತರುಣರ ವಿಷಯದಲ್ಲಿ ನಿರ್ಣಾಯಕವಾದುದು ಒಂಬತ್ತನೆಯ ಕಲಮು. 21 ವರ್ಷ ತುಂಬದವರು ಕೋವಿಯನ್ನು ಪಡೆಯಬಾರದು, ಸ್ವಾಧೀನದಲ್ಲಿಟ್ಟುಕೊಳ್ಳಬಾರದು, ಒಯ್ಯಬಾರದು ಎಂದು ಅದು ವಿಧಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಪಡೆಯುವವನು ಇಂಥ ನಿಷೇಧಕ್ಕೆ ಒಳಗಾದವನೆಂದು ತಿಳಿದೋ ತಿಳಿಯಲು ಕಾರಣವಿದ್ದೋ ಅವನಿಗೆ ಕೋವಿಯನ್ನು ವರ್ಗಾಯಿಸಿದವನನ್ನೂ ದೋಷಿಯೆಂದು ಎಣಿಸುತ್ತದೆ. ಮಗನ ವಯಸ್ಸು ತನಗೆ ತಿಳಿಯದೆಂದು ಯಾವ ತಂದೆಯೂ ಹೇಳಲಾರನಾದುದರಿಂದ ಈ ಎರಡನೆಯ ಭಾಗವು ಹೆತ್ತವರಿಗೆ ನೇರವಾಗಿ ಅನ್ವಯಿಸುತ್ತದೆ. ಪರವಾನಗಿಯಿಲ್ಲದೆ ಕೋವಿಯನ್ನಿಟ್ಟುಕೊಂಡವನಿಗೆ 2019ರ ತಿದ್ದುಪಡಿಯ ಅನಂತರ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷಗಳವರೆಗೂ ವಿಸ್ತರಿಸಬಹುದಾದ ಸೆರೆವಾಸವೂ ದಂಡವೂ ವಿಧಿತವಾಗಿವೆ. ಅನರ್ಹನ ಕೈಗೆ ಕೊಟ್ಟವನಿಗೂ ಸೆರೆಮನೆಯ ಭಯ ತಪ್ಪಿದ್ದಲ್ಲ.

ಹದಿನೆಂಟಕ್ಕೆ ಪ್ರಾಪ್ತವಯಸ್ಕನಾಗಿ, ತನ್ನ ಹೆಸರಿನಲ್ಲಿ ಆಸ್ತಿಯನ್ನು ಕೊಂಡು, ಮತಗಟ್ಟೆಯಲ್ಲಿ ಸರಕಾರದ ಭವಿಷ್ಯವನ್ನೇ ನಿರ್ಧರಿಸಬಲ್ಲ ಯುವಕನಿಗೆ, ಅದಕ್ಕೂ ಮೊದಲೇ ಸೈನ್ಯವನ್ನು ಸೇರಿ ದೇಶದ ಕೋವಿಯನ್ನು ಹೊರಬಲ್ಲ ಯುವಕನಿಗೆ, ಮನೆಯ ಕೋವಿಯನ್ನು ಮಾತ್ರ ಇನ್ನೂ ಮೂರು ವರ್ಷ ನಿರಾಕರಿಸುವುದು ನ್ಯಾಯವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆಯು ತಳ್ಳಿಹಾಕುವಂಥದಲ್ಲ. 1959ರಲ್ಲಿ ಶಾಸನವು ರೂಪುಗೊಂಡಾಗ ಈ ವಯಸ್ಸು 16 ಆಗಿತ್ತು. 1983ರ ತಿದ್ದುಪಡಿಯು ಅದನ್ನು 21ಕ್ಕೆ ಏರಿಸಿತು. ಇತ್ತ ಸಂವಿಧಾನದ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಆರೇ ವರ್ಷಗಳ ಅಂತರದಲ್ಲಿ ಒಂದೇ ರಾಷ್ಟ್ರದ ಸಂಸತ್ತು ತರುಣರ ವಿವೇಕವನ್ನು ಒಂದೆಡೆ ಹೆಚ್ಚಾಗಿಯೂ ಇನ್ನೊಂದೆಡೆ ಕಡಿಮೆಯಾಗಿಯೂ ನಂಬಿದಂತೆ ಇದು ತೋರಬಹುದು. ಆದರೆ ಈ ಎರಡು ಅಧಿಕಾರಗಳ ಸ್ವರೂಪವೇ ಭಿನ್ನ. ತಪ್ಪಿ ಹಾಕಿದ ಮತವನ್ನು ಮುಂದಿನ ಚುನಾವಣೆಯಲ್ಲಿ ತಿದ್ದಿಕೊಳ್ಳಬಹುದು, ಮತ್ತು ಆ ತಪ್ಪು ಕೋಟ್ಯಂತರ ಮತಗಳ ನಡುವೆ ಕರಗಿಹೋಗುತ್ತದೆ. ಕ್ಷಣಿಕವಾದ ಕೋಪದಲ್ಲಿಯೋ ನಿರಾಶೆಯಲ್ಲಿಯೋ ಒಬ್ಬನು ಹಾರಿಸಿದ ಗುಂಡನ್ನು ಯಾವ ಪಶ್ಚಾತ್ತಾಪವೂ ಹಿಂದಕ್ಕೆ ತರಲಾರದು. ಸೈನಿಕನ ಕೈಯಲ್ಲಿರುವ ಕೋವಿಯೂ ಅವನ ಸ್ವಂತದ್ದಲ್ಲ. ಅದು ಆಯುಧಾಗಾರದಿಂದ ಎಣಿಕೆಯಾಗಿ ಹೊರಬಂದು, ಎಣಿಕೆಯಾಗಿಯೇ ಒಳಗೆ ಹೋಗುತ್ತದೆ. ಯೌವನದ ಮೊದಲ ಕಾವು ಇಳಿಯುವವರೆಗೆ ಕಾಯಿರಿ ಎಂದು ಶಾಸನವು ಹೇಳಿದ್ದರೆ, ಅದರಲ್ಲಿ ತರುಣರ ಅವಮಾನವನ್ನು ಕಾಣುವುದಕ್ಕಿಂತ ಅವರ ಪ್ರಾಣದ ಮೇಲಿನ ಕಾಳಜಿಯನ್ನು ಕಾಣುವುದೇ ಯುಕ್ತವೆಂದು ನಾನು ನಂಬಿದ್ದೇನೆ.

ಹಾಗಾದರೆ 21 ತುಂಬಿದ ಮಗನಿಗೋ ಮಗಳಿಗೋ ಕೋವಿಯನ್ನು ಕೊಡುವ ಸರಿಯಾದ ಮಾರ್ಗವಾವುದು? ಪಡೆಯುವವರ ಕೈಗೆ ಪರವಾನಗಿಯು ಮೊದಲು ಬರಬೇಕು, ಕೋವಿ ಅನಂತರ. ಸಾಮಾನ್ಯ ಕೋವಿಗಳಿಗೆ ಅರ್ಜಿಯನ್ನು ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳಿಗೆ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರಿಗೆ ಸಲ್ಲಿಸಬೇಕು. ಠಾಣೆಯಿಂದ ಅರ್ಜಿದಾರನ ನಡತೆಯ ವರದಿ ಬರುತ್ತದೆ. 2016ರ ಆಯುಧ ನಿಯಮಗಳು ಇದಕ್ಕೆ ಮೂರು ವಿವೇಕಯುತವಾದ ಅಂಶಗಳನ್ನು ಸೇರಿಸಿವೆ: ಕೋವಿಯ ಸುರಕ್ಷಿತ ಬಳಕೆಯಲ್ಲಿ ತರಬೇತಿ, ದೇಹ ಮತ್ತು ಮನಸ್ಸಿನ ಸ್ವಾಸ್ಥ್ಯವನ್ನು ಕುರಿತ ವೈದ್ಯರ ಪ್ರಮಾಣಪತ್ರ, ಮನೆಯಲ್ಲಿ ಅದನ್ನು ಭದ್ರವಾಗಿ ಇಡುವುದಾಗಿ ಬರೆದುಕೊಡುವ ಮುಚ್ಚಳಿಕೆ. ಪರವಾನಗಿ ದೊರೆತ ಮೇಲೆ, ಐದನೆಯ ಕಲಮಿನಂತೆ, ಕೊಡುವವನು ತಾನು ಇಂಥ ಕೋವಿಯನ್ನು ಇಂಥ ವಿಳಾಸದ ಇಂಥವರಿಗೆ ಕೊಡಲಿದ್ದೇನೆಂದು ಜಿಲ್ಲಾ ದಂಡಾಧಿಕಾರಿಗಾಗಲಿ ಹತ್ತಿರದ ಠಾಣಾಧಿಕಾರಿಗಾಗಲಿ ಲಿಖಿತವಾಗಿ ತಿಳಿಸಿ, ಅಲ್ಲಿಂದ 45 ದಿನಗಳು ಕಳೆಯುವವರೆಗೆ ಕಾಯತಕ್ಕದ್ದು. ಒಬ್ಬನು ಮೂರು ಕೋವಿಗಳನ್ನು ಇಟ್ಟುಕೊಳ್ಳಬಹುದಾಗಿದ್ದ ಮಿತಿಯು 2019ರ ತಿದ್ದುಪಡಿಯಿಂದ ಎರಡಕ್ಕೆ ಇಳಿದಿದೆ. ವಂಶಪಾರಂಪರ್ಯವಾಗಿ ಬಂದ ಕೋವಿಯಾದರೂ ಈ ಎಣಿಕೆಯನ್ನು ಮೀರುವಂತಿಲ್ಲ.

ಹಿರಿಯರು ಬದುಕಿರುವಾಗಲೇ ಕೋವಿಯನ್ನು ಮುಂದಿನ ತಲೆಮಾರಿಗೆ ಒಪ್ಪಿಸುವ ಬಯಕೆಗೂ ನಿಯಮಗಳಲ್ಲಿ ದಾರಿಯುಂಟು. ಪರವಾನಗಿದಾರನಿಗೆ 70 ವರ್ಷ ತುಂಬಿದರೆ, ಅಥವಾ ಅವನು ಆ ಕೋವಿಯನ್ನು ಹೊಂದಿ 25 ವರ್ಷಗಳಾಗಿದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ, ತಾನು ಹೆಸರಿಸಿದ ವಾರಸುದಾರನಿಗೆ ಪರವಾನಗಿಯನ್ನು ಕೊಡಬೇಕೆಂದು ಅವನು ಕೋರಬಹುದು. ಕೋವಿಯ ಒಡೆಯನು ತೀರಿಕೊಂಡಾಗ ಮಾತ್ರ ಮನೆಯವರು ವಿಶೇಷವಾಗಿ ಎಚ್ಚರವಹಿಸಬೇಕು. ಅಳಿದವನ ಪರವಾನಗಿ ಅವನೊಡನೆಯೇ ಅಳಿಯುವುದರಿಂದ, ಗೋಡೆಯ ಮೇಲಿನ ಆ ಕೋವಿಯು ಅಂದಿನಿಂದ ಮನೆಯವರ ಅಕ್ರಮ ಸ್ವಾಧೀನದಲ್ಲಿರುವ ವಸ್ತುವಾಗಿಬಿಡುತ್ತದೆ. ವಿಳಂಬಮಾಡದೆ ಅದನ್ನು ಠಾಣೆಯಲ್ಲಿಯೋ ಲೈಸೆನ್ಸು ಪಡೆದ ಕೋವಿ ವ್ಯಾಪಾರಿಯಲ್ಲಿಯೋ ಠೇವಣಿಯಿಟ್ಟು, ಅರ್ಹನಾದ ವಾರಸುದಾರನ ಹೆಸರಿಗೆ ಪರವಾನಗಿಯನ್ನು ಕೋರುವುದೇ ಕ್ರಮ. ದುಃಖದಲ್ಲಿರುವ ಮನೆಗೆ ಈ ಕೆಲಸ ನೆನಪಾಗುವುದಿಲ್ಲ. ಆದುದರಿಂದಲೇ ನೆಂಟರು, ಊರಿನ ಹಿರಿಯರು ಇದನ್ನು ನೆನಪಿಸುವುದು ಒಂದು ಉಪಕಾರ.

ಕೊಡಗಿನ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಗಂಡುಮಗು ಹುಟ್ಟಿದಾಗ ಅಂಗಳದಲ್ಲಿ ಒಂದು ಗುಂಡನ್ನು ಹಾರಿಸಿ, ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಶಿಶುವಿನ ಕೈಗೆ ಸೋಕಿಸುತ್ತಿದ್ದ ನಾಡು ಅದು. ಸಾವನ್ನು ಸಾರುವುದಕ್ಕೂ, ಪುತ್ತರಿಯಲ್ಲಿ ಕದಿರು ಕೊಯ್ಯುವ ಮುಹೂರ್ತವನ್ನು ಸಾರುವುದಕ್ಕೂ ಅಲ್ಲಿ ಕೋವಿಯೇ ಬಾಯಿ. ನಾಟಿಯ ಕೆಲಸ ಮುಗಿದು, ಸೆಪ್ಟೆಂಬರಿನ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದಾಗ, ಮನೆಯ ಕೋವಿಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ, ದೀಪದ ಮುಂದೆ ಸಾಲಾಗಿರಿಸಿ, ಗಂಧವಿಟ್ಟು, ಕೆಂಪು ಹಳದಿ ಬೆರೆತ ತೋಕ್‌ಪೂವಿನಿಂದ ಅವುಗಳ ನಳಿಗೆಗಳನ್ನು ಅಲಂಕರಿಸುತ್ತಾರೆ. ಪೂಜೆಯಾದ ಮೇಲೆ ಹಿರಿಯರು ಕೋವಿಯನ್ನೆತ್ತಿ, ಹಿತವಚನಗಳನ್ನಾಡಿ, ಮನೆಯವರ ಕೈಗೆ ಕೊಡುತ್ತಾರೆ. ಅನಂತರ ಬಯಲಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಕಾರ್ಯಪ್ಪನವರನ್ನೂ ತಿಮ್ಮಯ್ಯನವರನ್ನೂ ಸೈನ್ಯಕ್ಕಿತ್ತ ನಾಡಿನಲ್ಲಿ ಕೋವಿಯ ಮೇಲೆ ಇಷ್ಟು ಗೌರವವಿರುವುದು ಸಹಜವೇ ಆಗಿದೆ.

ಈ ಸಂಪ್ರದಾಯವನ್ನು ಸರಕಾರಗಳೂ ಮನ್ನಿಸಿವೆ. 1861ರಲ್ಲಿ ಬ್ರಿಟಿಷ್ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ನಿರಾಯುಧೀಕರಣದ ಶಾಸನವು ಕೊಡಗಿಗೆ ಅನ್ವಯಿಸದೆಂದು ಸಾರಿದರು. ಸ್ವತಂತ್ರ ಭಾರತದಲ್ಲಿಯೂ ಕೊಡವ ಜನಾಂಗದವರಿಗೂ, ಅರಸರ ಕಾಲದ ಸೈನ್ಯಸೇವೆಗೆ ಪ್ರತಿಯಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಮುಂದುವರಿಯಿತು. ಕೇಂದ್ರ ಗೃಹ ಮಂತ್ರಾಲಯವು 2019ರ ಅಕ್ಟೋಬರಿನಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದರ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು. ಆದರೆ ಈ ವಿನಾಯಿತಿಯ ತಿರುಳು ಪರವಾನಗಿಯನ್ನು ಕುರಿತದ್ದು. ಒಂಬತ್ತನೆಯ ಕಲಮಿನ ವಯೋನಿಯಮವು ಅದರಿಂದ ಬೇರೆಯಾಗಿಯೇ ನಿಂತಿದೆ. ಆದಕಾರಣ ಹಬ್ಬದ ದಿನ ಕಿರಿಯನು ಕೋವಿಯನ್ನು ಸ್ಪರ್ಶಿಸಿ ನಮಸ್ಕರಿಸುವುದು ಬೇರೆ, ಅದು ಅವನ ಸ್ವತ್ತಾಗುವುದು ಬೇರೆ. ಕೋವಿ ಕೈಬದಲಾಗುವ ಮೊದಲು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ವಿನಾಯಿತಿ ಪತ್ರವನ್ನು ಸರಿಪಡಿಸಿಕೊಳ್ಳುವುದು ವಿವೇಕಿಗಳ ಲಕ್ಷಣ. ಇದರ ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವನ್ನೂ ಮರೆಯುವಂತಿಲ್ಲ: ಅಭಯಾರಣ್ಯದೊಳಗೂ ಅದರ 10 ಕಿಲೋಮೀಟರಿನ ಒಳಗೂ ವಾಸಿಸುವ ಕೋವಿದಾರರು, ವಿನಾಯಿತಿ ಪಡೆದವರನ್ನೂ ಒಳಗೊಂಡು, ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕೆಂದೂ, ಆ ವಲಯದಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಬೇಕೆಂದೂ ಅದು ವಿಧಿಸಿದೆ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ಅಂಚಿನ ಅನೇಕ ಊರುಗಳಿಗೆ ಈ ಮಾತು ತಟ್ಟುತ್ತದೆ.

21ರ ಒಳಗಿನವರಿಗೆ ಶಾಸನವು ಬಾಗಿಲನ್ನು ಪೂರ್ಣವಾಗಿ ಮುಚ್ಚಿಲ್ಲವೆಂಬುದನ್ನೂ ಹೇಳಬೇಕು. ನಿಗದಿಯಾದ ವಯಸ್ಸಿನ ಮೇಲೆ, ನಿಗದಿಯಾದ ಷರತ್ತುಗಳಿಗೆ ಒಳಪಟ್ಟು, ತರಬೇತಿಯ ಅವಧಿಯಲ್ಲಿ ಕೋವಿಯನ್ನು ಬಳಸಲು ಒಂಬತ್ತನೆಯ ಕಲಮೇ ಅನುಮತಿಸಿದೆ. ಹರಿಯಾಣದ ಮನು ಭಾಕರ್ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಚಿನ್ನವನ್ನು ಗೆದ್ದಾಗ ಆಕೆಗೆ 16 ವರ್ಷ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಆಕೆ ಎರಡು ಕಂಚಿನ ಪದಕಗಳನ್ನು ತಂದಳು. ಗುರಿಯ ಆಸಕ್ತಿಯುಳ್ಳ ಮಗನಿಗೋ ಮಗಳಿಗೋ ಏನನ್ನಾದರೂ ಕೊಡಲೇಬೇಕೆಂದು ಬಯಸುವ ಹೆತ್ತವರು ರೈಫಲ್ ಕ್ಲಬ್ಬಿನ ಸದಸ್ಯತ್ವವನ್ನೂ ನುರಿತ ಶಿಕ್ಷಕನೊಬ್ಬನ ಪಾಠವನ್ನೂ ಕೊಡಬಹುದು. ಅದು ಕಾನೂನಿಗೂ ಒಪ್ಪಿಗೆ, ಮಗುವಿಗೂ ಹಿತ.

ಮದುವೆಯ ಮನೆಗಳಲ್ಲಿ ಉತ್ಸಾಹದ ಭರದಿಂದ ತರುಣರ ಕೈಗೆ ಕೋವಿಯನ್ನಿತ್ತು ಆಕಾಶಕ್ಕೆ ಗುಂಡು ಹಾರಿಸಲು ಪ್ರಚೋದಿಸುವ ಪದ್ಧತಿ ದೇಶದ ಹಲವೆಡೆ ಬೆಳೆದಿದೆ. 2019ರ ತಿದ್ದುಪಡಿಯು ಇದನ್ನು ಹೆಸರಿಟ್ಟೇ ಅಪರಾಧವೆಂದಿದೆ: ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡನ್ನು ಹಾರಿಸಿದವನಿಗೆ ಎರಡು ವರ್ಷಗಳವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಮೇಲಕ್ಕೆ ಹೋದ ಗುಂಡು ಎಲ್ಲಿಯೋ ಒಂದೆಡೆ ಕೆಳಕ್ಕೆ ಬೀಳಲೇಬೇಕೆಂಬ ಸರಳ ಸತ್ಯವನ್ನು ಎಳೆಯರಿಗೆ ತಿಳಿಸುವ ಹೊಣೆ ಚಪ್ಪರದಡಿಯಲ್ಲಿ ನಿಂತ ಹಿರಿಯರದು.

ಅಮೆರಿಕದಲ್ಲಿ ನೆಲಸಿದ ನಮ್ಮವರು ಅಲ್ಲಿಯ ವಾಡಿಕೆಯನ್ನು ಇಲ್ಲಿಗೆ ಹೋಲಿಸುವುದುಂಟು. ಅಲ್ಲಿ 1968ರ ಒಕ್ಕೂಟ ಶಾಸನದಂತೆ ಲೈಸೆನ್ಸು ಪಡೆದ ವ್ಯಾಪಾರಿಯು 21ರೊಳಗಿನವರಿಗೆ ಪಿಸ್ತೂಲನ್ನೂ 18ರೊಳಗಿನವರಿಗೆ ಉದ್ದನಳಿಗೆಯ ಕೋವಿಯನ್ನೂ ಮಾರುವಂತಿಲ್ಲವಾದರೂ, ಅದೇ ರಾಜ್ಯದಲ್ಲಿ ವಾಸಿಸುವ, ನಿಷೇಧಕ್ಕೊಳಗಾಗದ 18 ವರ್ಷದ ಮಗನಿಗೆ ತಂದೆಯು ಉಡುಗೊರೆಯಾಗಿ ಕೋವಿಯನ್ನು ಕೊಡಲು ಒಕ್ಕೂಟದ ಕಾನೂನಿನಲ್ಲಿ ಅಡ್ಡಿಯಿಲ್ಲ. ರಾಜ್ಯಗಳ ನಿಯಮಗಳು ಇದಕ್ಕಿಂತ ಬಿಗಿಯಾಗಿರಬಹುದು. ಅಲ್ಲಿ ಆಯುಧಧಾರಣೆ ಸಂವಿಧಾನದತ್ತವಾದ ಹಕ್ಕು. ಇಲ್ಲಿ ಅದು ಅರ್ಹತೆಯನ್ನು ತೋರಿಸಿ ಪಡೆಯಬೇಕಾದ ಅನುಜ್ಞೆ. ಒಂದರ ಅಳತೆಗೋಲಿನಿಂದ ಮತ್ತೊಂದನ್ನು ಅಳೆದವರು ಮೋಸಹೋಗುತ್ತಾರೆ.

ಕೋವಿಯನ್ನು ಮುಂದಿನವರಿಗೆ ಕೊಡುವುದೆಂದರೆ ಒಂದು ಹೊಣೆಯನ್ನು ಕೊಡುವುದು. ಹೊಣೆಯನ್ನು ಹೊರುವ ಶಕ್ತಿಯು ಬಂದ ಮೇಲೆಯೇ ಅದನ್ನು ಕೊಡಬೇಕೆಂಬುದರಲ್ಲಿ ಐನ್‌ಮನೆಯ ಹಿರಿಯನಿಗೂ ಸಂಸತ್ತಿಗೂ ಭಿನ್ನಾಭಿಪ್ರಾಯವಿಲ್ಲ. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ಮೂರು ವರ್ಷಗಳನ್ನು ವ್ಯರ್ಥವಾದ ಕಾಯುವಿಕೆಯೆಂದು ಭಾವಿಸದೆ, ನಳಿಗೆಯನ್ನು ಎಂದೂ ಮನುಷ್ಯರತ್ತ ತಿರುಗಿಸದಿರುವುದನ್ನು, ತೋಟೆಯನ್ನೂ ಕೋವಿಯನ್ನೂ ಬೇರೆ ಬೇರೆಯಾಗಿ ಬೀಗದೊಳಗಿಡುವುದನ್ನು, ಕುಡಿದಾಗಲೂ ಕೆರಳಿದಾಗಲೂ ಅದರ ಬಳಿ ಸುಳಿಯದಿರುವುದನ್ನು ಕಲಿಸುವ ಅವಧಿಯನ್ನಾಗಿ ಮನೆಗಳು ಮಾಡಿಕೊಳ್ಳಲಿ. ಪ್ರತಿಯೊಂದು ಠಾಣೆಯೂ ತಾಲ್ಲೂಕು ಕಚೇರಿಯೂ ಈ ನಿಯಮಗಳನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ಗೋಡೆಯ ಮೇಲೆ ಅಂಟಿಸಲಿ; ಅಜ್ಞಾನದಿಂದ ತಪ್ಪು ನಡೆದ ಮೇಲೆ ಶಿಕ್ಷಿಸುವುದಕ್ಕಿಂತ ಮೊದಲೇ ತಿಳಿಸುವುದು ಸರಕಾರದ ಧರ್ಮ. ಕ್ರಮವನ್ನರಿತು, ಕಾಲವನ್ನು ಕಾದು, ಕಾಗದಪತ್ರಗಳನ್ನು ಸರಿಪಡಿಸಿ ಕೊಟ್ಟ ಕೋವಿಯನ್ನು ಪಡೆದವನು ತಲೆಯೆತ್ತಿ ಹಿಡಿಯಬಲ್ಲನು, ಕೊಟ್ಟವರು ನಿಶ್ಚಿಂತರಾಗಿ ನಿದ್ರಿಸಬಲ್ಲರು.